ಮಾತ್ರೆ ಬಿಟ್ಟವರು ವಾಪಸ್ ಬಂದ ದಿನ ಬೈಯಬೇಡಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಂಡ್ಯ ಜಿಲ್ಲೆ

ವಿಷಯ: ಎಚ್‌ಐವಿ ಚಿಕಿತ್ಸೆ ಮಧ್ಯದಲ್ಲಿ ನಿಲ್ಲಿಸಿದವರನ್ನು ಮತ್ತೆ ಸೇರಿಸಿಕೊಳ್ಳುವ ಬಗ್ಗೆ

ಮಾನ್ಯರೇ,

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವಳು. ಎಚ್‌ಐವಿ ಇರುವವಳು. ಎಷ್ಟೋ ವರ್ಷಗಳಿಂದ ಎಆರ್‌ಟಿ, ಅಂದರೆ ಎಚ್‌ಐವಿ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆ ತಗೊಳ್ಳುತ್ತಿದ್ದೇನೆ, ಚೆನ್ನಾಗಿದ್ದೇನೆ, ಹೊಲದ ಕೆಲಸ ಮಾಡಿಕೊಂಡಿದ್ದೇನೆ. ಜೊತೆಗೆ ನನ್ನಂಥವರನ್ನು, ಅದರಲ್ಲೂ ಮಾತ್ರೆ ಬಿಟ್ಟು ಮನೆಯಲ್ಲಿ ಕೂತವರನ್ನು ಮಾತಾಡಿಸಿ ಮತ್ತೆ ಈ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿಗೆ ಕರೆದುಕೊಂಡು ಹೋಗುತ್ತೇನೆ. ಹೆಸರು ಬರೆಯುತ್ತಿಲ್ಲ. ನನ್ನ ಮಗಳು ಇನ್ನೂ ಓದುತ್ತಿದ್ದಾಳೆ, ಅವಳು ಊರಲ್ಲಿ ತಲೆ ಎತ್ತಿ ಓಡಾಡಬೇಕು. ನಾನು ಹೋಗುವ ಸೆಂಟರಿನ ಹೆಸರನ್ನೂ ಬರೆಯುತ್ತಿಲ್ಲ. ಬರೆದರೆ ಯಾರೋ ಒಬ್ಬ ನರ್ಸ್‌ಗೋ ಕೌನ್ಸೆಲರ್‌ಗೋ ನೋಟಿಸ್ ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ನನ್ನ ದೂರು ಒಬ್ಬರ ಮೇಲಲ್ಲ, ಅಲ್ಲಿನ ಪದ್ಧತಿಯ ಮೇಲೆ.

ಜಿಲ್ಲೆಯಲ್ಲಿ ಏಡ್ಸ್ ನಿಯಂತ್ರಣದ ಕೆಲಸ ಪರಿಶೀಲಿಸುವ ಸಭೆ ತಮ್ಮ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಅದಕ್ಕೇ ತಮಗೆ ಬರೆಯುತ್ತಿದ್ದೇನೆ. ಆ ಸಭೆಯಲ್ಲಿ ಎಷ್ಟು ಜನಕ್ಕೆ ಟೆಸ್ಟ್ ಆಯಿತು, ಎಷ್ಟು ಜನ ಮಾತ್ರೆ ಶುರುಮಾಡಿದರು, ಎಷ್ಟು ಜನ ಬಿಟ್ಟರು ಅನ್ನುವ ಲೆಕ್ಕ ತಮ್ಮ ಮುಂದೆ ಬರುತ್ತದೆ. ಬಿಟ್ಟವರಲ್ಲಿ ಎಷ್ಟೋ ಜನ ಒಂದು ಸಲವಾದರೂ ವಾಪಸ್ ಬಂದಿದ್ದರು, ಬಂದ ದಿನವೇ ನಾವು ಅವರನ್ನು ಕಳೆದುಕೊಂಡೆವು ಅನ್ನೋದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ನಾನು ಹೇಳಬೇಕಿರುವುದು ಮುಖ್ಯವಾಗಿ ಅದನ್ನೇ.

ನಾಗಮಂಗಲ ಕಡೆಯ ಒಬ್ಬ ಅಣ್ಣ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು. ಅಲ್ಲಿ ಶೆಡ್ಡಿನಲ್ಲಿ ಎಂಟು ಹತ್ತು ಜನ ಒಟ್ಟಿಗೆ ಮಲಗುತ್ತಾರೆ, ಮಾತ್ರೆ ಇಟ್ಟುಕೊಳ್ಳೋಕೆ ಜಾಗ ಇಲ್ಲ. ತಂದಿದ್ದು ಮುಗಿಯಿತು, ಮೇಸ್ತ್ರಿ ರಜೆ ಕೊಡಲಿಲ್ಲ, ಹಾಗೇ ನಿಂತುಹೋಯಿತು. ತಿಂಗಳುಗಟ್ಟಲೆ ಕಳೆದ ಮೇಲೆ ಹಬ್ಬಕ್ಕೆ ಊರಿಗೆ ಬಂದಾಗ ನಾನು ಹಿಂದೆ ಬಿದ್ದು ಒಪ್ಪಿಸಿ ಸೆಂಟರಿಗೆ ಕರೆದುಕೊಂಡು ಹೋದೆ. ಹಾಲ್ ತುಂಬಾ ಜನ. ಚಿಕಿತ್ಸೆಯ ವಿವರ ಬರೆದಿಡುವ ಅವರ ಹಸಿರು ಪುಸ್ತಕ ಕಳೆದುಹೋಗಿತ್ತು. ಕಿಟಕಿಯ ಹತ್ತಿರ ನಿಂತು ಮೆಲ್ಲಗೆ ಹೆಸರು ಹೇಳಿದರು. ಒಳಗಿದ್ದವರು ಕಂಪ್ಯೂಟರ್ ನೋಡಿ ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದರು: “ಎಲ್‌ಎಫ್‌ಯು ಕೇಸು ಇದು. ಎಷ್ಟು ತಿಂಗಳಾಯ್ತು ನೀನು ಬಂದು? ಸಾಯಬೇಕು ಅಂತಿದೀಯಾ? ನಿನ್ನಿಂದ ನಮಗೆ ಮೇಲಿಂದ ಬೈಗುಳ.” ಎಲ್‌ಎಫ್‌ಯು ಅಂದರೆ ಚಿಕಿತ್ಸೆ ಬಿಟ್ಟು ಕೈಗೆ ಸಿಗದೆ ಹೋದವರು. ಆ ಅಣ್ಣನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರಲ್ಲಿ ಆಧಾರ್ ಜೆರಾಕ್ಸು, ರೇಷನ್ ಕಾರ್ಡು. ಅದನ್ನು ಮಡಿಚಿ ಷರ್ಟಿನ ಒಳಗೆ ಇಟ್ಟುಕೊಂಡರು. “ನೀರು ಕುಡ್ಕಂಡು ಬತ್ತೀನಿ ಕಣಕ್ಕ” ಅಂದರು. ಬರಲಿಲ್ಲ. ಸಂಜೆ ಫೋನ್ ಮಾಡಿದರೆ ಸ್ವಿಚ್ ಆಫ್.

ಆಮೇಲೆ ನಾನು ಅವರನ್ನು ನೋಡಿದ್ದು ಟಿಬಿ ಬಂದು ಅಡ್ಮಿಟ್ ಆದಾಗ. ಬದುಕಿಕೊಂಡರು. ಈಗ ಸರಿಯಾಗಿ ಮಾತ್ರೆ ತಗೊಳ್ಳುತ್ತಿದ್ದಾರೆ. ಆದರೆ ಆ ಟಿಬಿ ಬರಬೇಕಿರಲಿಲ್ಲ. ಆವತ್ತು ಕಿಟಕಿಯಲ್ಲಿ “ಬಂದ್ಯಲ್ಲಪ್ಪ, ಒಳ್ಳೇದಾಯ್ತು, ಕೂತ್ಕೋ” ಅಂದಿದ್ದರೆ ಅವರು ಆವತ್ತೇ ಮಾತ್ರೆ ತಗೊಂಡು ಹೋಗುತ್ತಿದ್ದರು.

ಇದು ಒಬ್ಬರ ಕಥೆ ಅಲ್ಲ. ಮಾತ್ರೆ ಬಿಟ್ಟ ಯಾರನ್ನೇ ಕೇಳಿದರೂ ಮೊದಲು ಹೇಳುವ ಮಾತು ಇದೇ: “ಈಗ ಹೋದ್ರೆ ಬೈತಾರೆ ಕಣಕ್ಕ.” ಬಿಡೋಕೆ ನೂರು ಕಾರಣ ಇರುತ್ತವೆ. ವಾಪಸ್ ಹೋಗದೇ ಇರೋಕೆ ಮಾತ್ರ ಬಹಳ ಸಲ ಇದೊಂದೇ ಕಾರಣ. ಒಂದು ವಾರ ತಪ್ಪಿದವರು ಬೈಯುತ್ತಾರೆ ಅಂತ ಹೆದರಿ ಒಂದು ತಿಂಗಳು ಬಿಡುತ್ತಾರೆ. ತಿಂಗಳು ಬಿಟ್ಟವರಿಗೆ ಇನ್ನೂ ಜಾಸ್ತಿ ಹೆದರಿಕೆ, ಆರು ತಿಂಗಳು ಬಿಡುತ್ತಾರೆ.

ಈ ಮಾತ್ರೆ ಜೀವ ಇರುವ ತನಕ ತಗೊಳ್ಳಬೇಕಾದದ್ದು. ಮೂವತ್ತು ನಲವತ್ತು ವರ್ಷದ ದಾರಿಯಲ್ಲಿ ಯಾರಿಗಾದರೂ ಒಂದೆರಡು ಸಲ ತಪ್ಪೇ ತಪ್ಪುತ್ತದೆ. ಮದುವೆ, ಸಾವು, ಗುಳೆ, ಸಾಲ, ಕುಡಿತ, ಗಂಡ ಬಿಟ್ಟುಹೋಗಿದ್ದು, ಸುಮ್ನೆ ಬೇಜಾರು, ಏನೋ ಒಂದು. ಶುಗರ್, ಬಿಪಿ ಮಾತ್ರೆ ಬಿಟ್ಟವರನ್ನು ಯಾರೂ ಹಾಲ್‌ನಲ್ಲಿ ನಿಲ್ಲಿಸಿ ಸಾಯಬೇಕಾ ಅಂತ ಕೇಳುವುದಿಲ್ಲ, ಅಲ್ವಾ? ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ರಕ್ತದಲ್ಲಿ ಏರುತ್ತದೆ, ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳ ಎಣಿಕೆ ಇಳಿಯುತ್ತದೆ, ಟಿಬಿಯಂಥ ಕಾಯಿಲೆಗಳಿಗೆ ದಾರಿಯಾಗುತ್ತದೆ. ಇದು ನಿಜ, ಇದನ್ನು ಹೇಳಲೇಬೇಕು. ಆದರೆ ಇನ್ನೊಂದು ನಿಜವೂ ಇದೆ. ಈಗ ಕೊಡುತ್ತಿರುವ ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ತುಂಬಾ ಗಟ್ಟಿಯಾದ ಔಷಧಿ. ಅದರಲ್ಲಿರುವ ಡೊಲುಟೆಗ್ರಾವಿರ್‌ಗೆ ವೈರಸ್ ಅಷ್ಟು ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ. ಹಾಗಾಗಿ ಬಿಟ್ಟು ಬಂದ ಹೆಚ್ಚಿನವರಿಗೆ ಅದೇ ಮಾತ್ರೆ ಮತ್ತೆ ಕೆಲಸ ಮಾಡುತ್ತದೆ. ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ಬೇಗ ಬರಬೇಕು ಅಂದರೆ ಬರೋಕೆ ಧೈರ್ಯ ಇರಬೇಕು.

ಹಿಂದೆ ಹೀಗಿರಲಿಲ್ಲ ಅನ್ನೋದನ್ನೂ ಹೇಳಬೇಕು. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಶುರುಮಾಡಿತು. ಆಗ ಸಿಡಿ4 ಎಣಿಕೆ 200ಕ್ಕಿಂತ ಕೆಳಗೆ ಇಳಿದವರಿಗೆ, ಇಲ್ಲಾ ತುಂಬಾ ಕಾಯಿಲೆ ಬಿದ್ದವರಿಗೆ ಮಾತ್ರ ಮಾತ್ರೆ. ಉಳಿದವರಿಗೆ “ಇನ್ನೂ ಚೆನ್ನಾಗಿದೀರಿ, ಆಮೇಲೆ ಬನ್ನಿ” ಅನ್ನುತ್ತಿದ್ದರು. ಆಗಿನ ಸ್ಟಾವುಡಿನ್ ಮಾತ್ರೆಯಿಂದ ಕೆಲವರಿಗೆ ಕೆನ್ನೆ ಗುಳಿ ಬೀಳುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಮುಖ ನೋಡಿಯೇ ಊರವರು ಗುರುತು ಹಿಡಿಯುತ್ತಿದ್ದರು. 2017ರಿಂದ ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಬಂದ ಎಲ್ಲರಿಗೂ ಮಾತ್ರೆ. ಈಗ ದಿನಕ್ಕೆ ಒಂದೇ ಮಾತ್ರೆ. ಔಷಧಿ ಇಷ್ಟು ಸುಲಭವಾಯಿತು. ಅದನ್ನು ತಗೊಂಡು ಬರುವ ಕೆಲಸ ಮಾತ್ರ ಸುಲಭವಾಗಲಿಲ್ಲ.

ಕೆ.ಆರ್.ಪೇಟೆಯ ಒಳಗಿನ ಹಳ್ಳಿಯಿಂದ ಹೊರಟವರು ಸೆಂಟರ್ ತಲುಪುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಟೋಕನ್, ತೂಕ, ಕೌನ್ಸೆಲರ್, ಡಾಕ್ಟರ್, ಫಾರ್ಮಸಿ. ಅಷ್ಟರಲ್ಲಿ “ರಕ್ತ ತೆಗೆಯೋ ಟೈಮ್ ಮುಗೀತು, ನಾಳೆ ಬನ್ನಿ” ಅನ್ನುತ್ತಾರೆ. ನನಗೇ ಎಷ್ಟೋ ಸಲ ಹೀಗೆ ಆಗಿದೆ. ನಾಳೆ ಅಂದರೆ ಇನ್ನೊಂದು ದಿನದ ಕೂಲಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ರಜೆ ಹಾಕಿದರೆ ಹಾಜರಿ ಬೋನಸ್ಸೂ ಹೋಗುತ್ತದೆ, ಯಾಕೆ ರಜೆ ಅಂತ ಸೂಪರ್‌ವೈಸರ್‌ಗೆ ಸುಳ್ಳೂ ಹೇಳಬೇಕು. ಕಬ್ಬು ಕಡಿಯುವ ಕಾಲದಲ್ಲಂತೂ ಗ್ಯಾಂಗ್ ಬಿಟ್ಟು ಒಬ್ಬರೇ ಹೊರಟರೆ ಎಲ್ಲರೂ ಕೇಳುತ್ತಾರೆ. ಆಲೆಮನೆಯಲ್ಲಿ ರಾತ್ರಿ ಪಾಳಿ ಮಾಡುವವರು ಬೆಳಿಗ್ಗೆ ಹೊತ್ತು ಎದ್ದು ಬರೋದೇ ಕಷ್ಟ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಇದು ನಮಗೆ ಎಷ್ಟು ದೊಡ್ಡ ಸಹಾಯ ಅಂತ ಹೇಳೋಕೆ ಆಗಲ್ಲ. ಆಸ್ಪತ್ರೆಗೆ ಹೋಗೋಕೆ ಗಂಡನ ಹತ್ತಿರ, ಮಗನ ಹತ್ತಿರ ದುಡ್ಡು ಕೇಳಿ ಕಾರಣ ಹೇಳಬೇಕಾಗಿತ್ತು, ಅದು ತಪ್ಪಿತು. ಆದರೆ ಸರ್ಕಾರಿ ಬಸ್ ಬಾರದ ಊರಿಗೆ, ಖಾಸಗಿ ಬಸ್ಸೇ ಗತಿ ಇರುವ ಕಡೆಗೆ ಇದು ತಲುಪಿಲ್ಲ. ಗಂಡಸರಿಗೆ ಇಲ್ಲವೇ ಇಲ್ಲ. ನಾನು ಮಾತಾಡಿಸುವ ಕೂಲಿ ಗಂಡಸರು ಕೈಯಿಂದ ಬಸ್ ಚಾರ್ಜ್ ಕೊಟ್ಟು ಬರುತ್ತಾರೆ, ಆ ದಿನದ ಕೂಲಿಯೂ ಇಲ್ಲ. ಮಾತ್ರೆಗೆ ಬರುವ ಬಡ ಗಂಡಸರಿಗೆ ಬಸ್ ಪಾಸ್ ಕೊಡಿಸೋಕೆ ಆಗುತ್ತದಾ ಅಂತ ತಾವು ಸಾರಿಗೆ ಸಂಸ್ಥೆಯವರ ಜೊತೆ ಮಾತಾಡಬೇಕು. ಪಾಸಿನ ಮೇಲೆ ಕಾಯಿಲೆಯ ಹೆಸರು ಇರಬಾರದು.

ಸರಿಯಾಗಿ ಮಾತ್ರೆ ತಗೊಂಡು ವೈರಸ್ ಹತೋಟಿಯಲ್ಲಿ ಇರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದು. 2020ರ ಲಾಕ್‌ಡೌನ್‌ನಲ್ಲಿ ಹೀಗೇ ಕೊಟ್ಟರು. ಮೂರರಿಂದ ಆರು ತಿಂಗಳವರೆಗೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೂ ಕೆಲವು ಸಲ “ಸ್ಟಾಕ್ ಕಮ್ಮಿ ಇದೆ” ಅಂತ ಹದಿನೈದು ದಿನದ್ದು ಎಣಿಸಿ ಕವರಿನಲ್ಲಿ ಹಾಕಿ ಕೊಡುತ್ತಾರೆ. 2022ರ ಜುಲೈನಲ್ಲಿ ಔಷಧಿ ಕೊರತೆ ಆಗಿ ನಮ್ಮಂಥವರು ದೆಹಲಿಯ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಮುಂದೆ ವಾರಗಟ್ಟಲೆ ಧರಣಿ ಕೂತಿದ್ದರು. ಹದಿನೈದು ದಿನಕ್ಕೊಮ್ಮೆ ಬನ್ನಿ ಅಂದರೆ ಮಳವಳ್ಳಿ ಕಾಡಂಚಿನವರು ಎರಡನೇ ಸಲಕ್ಕೆ ಬರುವುದಿಲ್ಲ. ಕೊರತೆ ಆಗೋದು ಮೇಲಿನಿಂದ ಇರಬಹುದು. ಆದರೆ ದೂರದವರಿಗೆ ಮೊದಲು ಪೂರ್ತಿ ಕೊಡಿ, ಹತ್ತಿರದವರಿಗೆ ಬೇಕಾದರೆ ಕಡಿಮೆ ಕೊಡಿ ಅನ್ನುವ ತೀರ್ಮಾನ ಇಲ್ಲೇ ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ, ಅಂದರೆ ದೊಡ್ಡ ಸೆಂಟರಿಗೆ ಸೇರಿದ ಸಣ್ಣ ಕೇಂದ್ರ ಇದ್ದ ಕಡೆ ಅಲ್ಲೇ ಮಾತ್ರೆ ಸಿಗುವ ಹಾಗೆ ನೋಡಿಕೊಳ್ಳಬಹುದು. ಆದರೆ ಆಯ್ಕೆ ನಮ್ಮದಾಗಿರಲಿ. ಕೆಲವರು ಬೇಕಂತಲೇ ದೂರ ಹೋಗುತ್ತಾರೆ, ಮೈಸೂರಿಗೆ ಹೋಗಿ ಮಾತ್ರೆ ತರುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಪಕ್ಕದ ಬೀದಿಯವರೇ ಆಗಿರುತ್ತಾರಲ್ಲ.

ಮಾತ್ರೆಯ ಡಬ್ಬಿಯ ವಿಷಯ ಸಣ್ಣದು ಅಂತ ಅನ್ನಿಸಬಹುದು. ಅತ್ತೆ ಮಾವನಿಗೆ ಹೇಳದೇ ಮಾತ್ರೆ ತಗೊಳ್ಳುವ ಸೊಸೆಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದು ಬಿಳಿ ಪ್ಲಾಸ್ಟಿಕ್ ಡಬ್ಬಿ, ಒಳಗೆ 30 ಮಾತ್ರೆ. ಬ್ಯಾಗಿನಲ್ಲಿ ಇಟ್ಟುಕೊಂಡು ನಡೆದರೆ ಗಲಗಲ ಅನ್ನುತ್ತದೆ. ಮೂರು ಡಬ್ಬಿ ಇದ್ದರಂತೂ ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ನಿಂತು ಡಬ್ಬಿಯೊಳಗೆ ಹತ್ತಿ ತುರುಕುತ್ತಾರೆ, ಲೇಬಲ್ಲನ್ನು ಉಗುರಿನಲ್ಲಿ ಕೆರೆದು ತೆಗೆಯುತ್ತಾರೆ. ಇನ್ನು ಕೆಲವರು ಎಲ್ಲಾ ಮಾತ್ರೆಯನ್ನೂ ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಡಬ್ಬಿಯನ್ನು ನಾಲೆಗೆ ಎಸೆದುಹೋಗುತ್ತಾರೆ. ಅಕ್ಕಿ ಡಬ್ಬದಲ್ಲಿ, ಸೀರೆ ಮಡಿಕೆಯಲ್ಲಿ ಇಟ್ಟ ಮಾತ್ರೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಡಬ್ಬಿಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಇರುತ್ತದೆ, ಅದೂ ಡಬ್ಬಿ ಜೊತೆಗೇ ಹೋಗಿರುತ್ತದೆ. ಏನೂ ಬರೆದಿಲ್ಲದ, ಸದ್ದು ಮಾಡದ ಒಂದು ಸಣ್ಣ ಡಬ್ಬಿಯನ್ನೋ ಬಟ್ಟೆ ಚೀಲವನ್ನೋ ಬೇಕು ಅಂದವರಿಗೆ ಕೊಡೋಕೆ ದೊಡ್ಡ ಖರ್ಚಿಲ್ಲ. ಕೌನ್ಸೆಲರ್ “ಮನೇಲಿ ಎಲ್ಲಿ ಇಡ್ತೀರಾ?” ಅಂತ ಒಂದು ಪ್ರಶ್ನೆ ಕೇಳಿದರೂ ಎಷ್ಟೋ ವಿಷಯ ಹೊರಗೆ ಬರುತ್ತದೆ.

ಆದರೆ ಕೇಳೋಕೆ ಹೊತ್ತೆಲ್ಲಿ? ಯಾಕೆ ಲೇಟು, ಯಾಕೆ ತಪ್ಪಿಸಿದೆ ಅನ್ನುವುದರಲ್ಲೇ ಆ ಐದು ನಿಮಿಷ ಮುಗಿಯುತ್ತದೆ. ಹೇಳಲೇಬೇಕಾದ ಮಾತು ಉಳಿದುಹೋಗುತ್ತದೆ. ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಹೊಟ್ಟೆ ಉರಿಗೆ ಕುಡಿಯುವ ಆಂಟಾಸಿಡ್ ಟಾನಿಕ್ಕನ್ನು ಯಾವಾಗಲೇ ಆಗಲಿ, ಎಆರ್‌ಟಿ ಜೊತೆಗೇ ತಗೊಂಡರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಸೇರುವುದಿಲ್ಲ. ಅವನ್ನು ತಗೊಳ್ಳುವ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಎಆರ್‌ಟಿ ತಗೊಳ್ಳಬೇಕು. ಬಸುರಿ ಹೆಂಗಸರಿಗೆ ಐರನ್ ಮಾತ್ರೆ ಆಶಾ ಅಕ್ಕ ಮನೆಗೇ ತಂದು ಕೊಡುತ್ತಾರೆ. ಎರಡನ್ನೂ ರಾತ್ರಿ ಒಟ್ಟಿಗೆ ನುಂಗುವವರನ್ನು ನಾನು ನೋಡಿದ್ದೇನೆ. ಅವರಿಗೆ ಯಾರೂ ಹೇಳಿಲ್ಲ.

ವೈರಲ್ ಲೋಡ್ ಟೆಸ್ಟ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ಟೆಸ್ಟಿನ ವಿಷಯವೂ ಹೀಗೇ. ಚಿಕಿತ್ಸೆ ಶುರುವಾದ ಮೇಲೆ ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಂದು ಸಲ ಈ ಟೆಸ್ಟ್ ಆಗಬೇಕು. ರಿಪೋರ್ಟ್ ಬಂದರೂ “ಚೆನ್ನಾಗಿದೆ ಹೋಗಿ” ಅಂತ ಕಳಿಸುತ್ತಾರೆ. ನನಗೆ ನನ್ನ ರಿಪೋರ್ಟನ್ನು ಮೊದಲ ಸಲ ಕೈಯಲ್ಲಿ ಹಿಡಿದು ವಿವರಿಸಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್. “ನೋಡಮ್ಮ, ನಿಮ್ಮ ರಕ್ತದಲ್ಲಿ ವೈರಸ್ ಮೆಷಿನ್ನಿಗೆ ಸಿಗದಷ್ಟು ಕಮ್ಮಿ ಆಗಿದೆ. ಇದು ಹೀಗೇ ಇದ್ದರೆ ಗಂಡ ಹೆಂಡತಿ ಕೂಡಿದರೂ ಇನ್ನೊಬ್ಬರಿಗೆ ಹರಡಲ್ಲ” ಅಂದರು. ಆವತ್ತು ನಾನು ಮನೆಗೆ ಹೋದ ರೀತಿಯೇ ಬೇರೆ. ಅಷ್ಟು ವರ್ಷ ನನ್ನ ಲೋಟ ನಾನೇ ಬೇರೆ ಇಟ್ಟುಕೊಂಡಿದ್ದೆ, ಲೋಟದಿಂದ ಹರಡಲ್ಲ ಅಂತ ಗೊತ್ತಿದ್ದರೂ. ಮೈ ಚೆನ್ನಾಗಿರುವಾಗ ದಿನಾ ಮಾತ್ರೆ ನುಂಗೋಕೆ ಏನಾದರೂ ಕಾರಣ ಬೇಕಲ್ವಾ. ಆ ರಿಪೋರ್ಟಿನ ನಂಬರೇ ಆ ಕಾರಣ. ದಯವಿಟ್ಟು ಪ್ರತಿಯೊಬ್ಬರಿಗೂ ಅವರ ನಂಬರ್ ಹೇಳಿ, ಅದರ ಅರ್ಥ ಹೇಳಿ. ಹರಡಲ್ಲ ಅನ್ನುವ ಮಾತನ್ನು ಗುಟ್ಟಿನ ಹಾಗೆ ಇಟ್ಟುಕೊಳ್ಳಬೇಡಿ. ಜನ ಅಸಡ್ಡೆ ಮಾಡುತ್ತಾರೆ ಅನ್ನುವ ಭಯ ಕೆಲವು ಸಿಬ್ಬಂದಿಗೆ ಇದೆ. ನಾನು ನೋಡಿದ ಮಟ್ಟಿಗೆ, ಇದು ಗೊತ್ತಾದವರು ಮಾತ್ರೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಬಿಟ್ಟವರನ್ನು ಹುಡುಕಿಕೊಂಡು ಬರುವ ರೀತಿಯ ಬಗ್ಗೆಯೂ ಹೇಳಬೇಕು. ಹುಡುಕುವುದು ಒಳ್ಳೆಯದೇ. ಆದರೆ ಜೀಪ್ ಬಂದು ಊರ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮನೆ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಫೋನ್ ಅತ್ತೆ ಎತ್ತಿದಾಗ “ಎಆರ್‌ಟಿ ಸೆಂಟರಿಂದ” ಅಂದರೆ ಆ ಸೊಸೆಯ ಕಥೆ ಏನು? ಮದ್ದೂರು ಕಡೆಯ ಒಬ್ಬ ಹುಡುಗಿ ಇದೇ ಕಾರಣಕ್ಕೆ ಸಿಮ್ ಬದಲಾಯಿಸಿ ಯಾರಿಗೂ ಸಿಗದ ಹಾಗೆ ಆಗಿದ್ದಾಳೆ. ಮೊದಲ ದಿನವೇ ಕೇಳಿ ಬರೆದುಕೊಳ್ಳಲಿ: ಯಾವ ನಂಬರಿಗೆ ಮಾಡಬೇಕು, ಯಾವ ಹೊತ್ತಿಗೆ ಮಾಡಬೇಕು, ಬೇರೆ ಯಾರಾದರೂ ಎತ್ತಿದರೆ ಯಾರು ಅಂತ ಹೇಳಬೇಕು, ಮನೆಗೆ ಬರಬಹುದಾ ಬೇಡವಾ. ಬಂದಾಗಲೆಲ್ಲ ನಂಬರ್ ಅದೇನಾ ಅಂತ ಕೇಳಲಿ. ನಾನು ಕೆಲವರನ್ನು ಮಾತಾಡಿಸೋದು ಸಂತೆಯಲ್ಲಿ, ಸೊಪ್ಪು ಕೊಳ್ಳುವ ನೆಪದಲ್ಲಿ. ಅಲ್ಲಿ ಯಾರಿಗೂ ಅನುಮಾನ ಬರಲ್ಲ.

ನಮ್ಮ ಸ್ಥಿತಿಯನ್ನು ನಮ್ಮ ಒಪ್ಪಿಗೆ ಇಲ್ಲದೆ ಬಯಲು ಮಾಡುವುದು ಕಾನೂನಿಗೇ ವಿರುದ್ಧ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ, ಕೆಲಸದಲ್ಲಿ, ಶಾಲೆಯಲ್ಲಿ, ಬಾಡಿಗೆ ಮನೆಯಲ್ಲಿ ತಾರತಮ್ಯ ಮಾಡಬಾರದು ಅಂತ ಅದು ಹೇಳುತ್ತದೆ. ದೂರು ಕೇಳೋಕೆ ರಾಜ್ಯಕ್ಕೊಬ್ಬ ಓಂಬುಡ್ಸ್‌ಮನ್ ಇರಬೇಕು, ದೂರು ಬಂದ 30 ದಿನದೊಳಗೆ ಆದೇಶ ಆಗಬೇಕು ಅಂತಲೂ ಇದೆ. ನಾನು ಕೂರುವ ಹಾಲ್‌ನಲ್ಲಿ ಕಾಂಡೋಮ್ ಪೋಸ್ಟರ್ ಇದೆ, 1097 ಸಹಾಯವಾಣಿಯ ಪೋಸ್ಟರ್ ಇದೆ. ತೊಂದರೆ ಆದರೆ ಯಾರಿಗೆ ದೂರು ಕೊಡಬೇಕು ಅನ್ನುವ ಹೆಸರು, ಫೋನ್ ನಂಬರ್ ಇರುವ ಬೋರ್ಡ್ ಇಲ್ಲ. ಜಿಲ್ಲೆಯ ಎಲ್ಲಾ ಕಡೆ ಅದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿ.

ಹುಟ್ಟಿನಿಂದಲೇ ಎಚ್‌ಐವಿ ಇದ್ದು ಈಗ ಕಾಲೇಜಿಗೆ ಬಂದ ಮಕ್ಕಳ ಬಗ್ಗೆ ನನಗೆ ಸಂಕಟ ಜಾಸ್ತಿ. ಅಪ್ಪ ಅಮ್ಮ ಇಲ್ಲದೆ ಅಜ್ಜಿ ಸಾಕಿದ ಮಕ್ಕಳು ಎಷ್ಟೋ ಇವೆ. “ಶಕ್ತಿ ಮಾತ್ರೆ ಮಗ” ಅಂತ ಹೇಳಿ ಅಜ್ಜಿ ನುಂಗಿಸುತ್ತಿದ್ದರು. ಹದಿನೈದು ಹದಿನಾರಕ್ಕೆ ನಿಜ ಗೊತ್ತಾದಾಗ ಸಿಟ್ಟಿಗೆ ಮಾತ್ರೆ ಬಿಡುತ್ತಾರೆ. ಮೈಸೂರಿನ ಹಾಸ್ಟೆಲ್ ಸೇರಿದ ಒಬ್ಬ ಹುಡುಗ ನನಗೆ ಹೇಳಿದ: “ಇಷ್ಟ್ ವರ್ಷ ನಂಗೆ ಸುಳ್ಳು ಹೇಳಿದ್ರಲ್ಲ ಆಂಟಿ, ಈಗ ನೀವ್ ಹೇಳೋದನ್ನ ಯಾಕ್ ನಂಬ್ಲಿ?” ಅವನಿಗೆ ನನ್ನ ಮಾತು ಸಾಲದು. ಅವನಂಥ ಅನುಭವ ಇರುವ, ಅವನದೇ ವಯಸ್ಸಿನ ಯಾರಾದರೂ ಬೇಕು. ಅಂಥ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅವರನ್ನು ಈ ಕೆಲಸಕ್ಕೆ ಸೇರಿಸಿಕೊಂಡು, ಓಡಾಟದ ಖರ್ಚು ಕೊಟ್ಟು, ಗೌರವದಿಂದ ನಡೆಸಿಕೊಳ್ಳಿ.

ಸಿಬ್ಬಂದಿಯ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹೆಚ್ಚಿನವರು ಗುತ್ತಿಗೆ ಮೇಲೆ ಇರುವವರು. ಒಬ್ಬ ಕೌನ್ಸೆಲರ್ ಮುಂದೆ ಬೆಳಿಗ್ಗೆಯಿಂದ ಸಾಲು. ಮಾತ್ರೆ ಬಿಟ್ಟವರ ಸಂಖ್ಯೆ ಏರಿದರೆ ಉತ್ತರ ಹೇಳಬೇಕಾದವರು ಅವರೇ, ಆ ಸಿಟ್ಟು ನಮ್ಮ ಮೇಲೆ ಇಳಿಯುತ್ತದೆ. ಹಾಗಾಗಿ ತಮ್ಮ ಸಭೆಯಲ್ಲಿ ಎಷ್ಟು ಜನ ಬಿಟ್ಟರು ಅಂತ ಕೇಳುವಾಗ, ಎಷ್ಟು ಜನ ವಾಪಸ್ ಬಂದರು, ಬಂದವರಲ್ಲಿ ಎಷ್ಟು ಜನ ಮೂರು ತಿಂಗಳ ಮೇಲೂ ಇದ್ದಾರೆ ಅಂತ ಕೇಳಿ. ವಾಪಸ್ ಬಂದವರು ಸಿಬ್ಬಂದಿಯ ಲೆಕ್ಕದಲ್ಲಿ ಒಳ್ಳೆಯ ಅಂಕಿ ಆದರೆ, ಕಿಟಕಿಯಲ್ಲಿ ಮಾತು ತಾನಾಗೇ ಬದಲಾಗುತ್ತದೆ.

ವಾಪಸ್ ಬಂದವರಿಗೆ ಅಂತಲೇ ಒಂದು ಕ್ರಮ ಮಾಡಿ. ಅವರನ್ನು ಹಾಲ್‌ನಲ್ಲಿ ನಿಲ್ಲಿಸದೆ ನೇರ ಒಳಗೆ ಕರೆಯಲಿ. ಹಸಿರು ಪುಸ್ತಕ ಇಲ್ಲ ಅಂತ ತಿರುಗಿಸಿ ಕಳಿಸುವುದು ಬೇಡ. ಕೆಮ್ಮು, ಜ್ವರ, ತೂಕ ಇಳಿದಿರುವುದು ಕೇಳಿ ಟಿಬಿ ಪರೀಕ್ಷೆ, ಸಿಡಿ4 ಪರೀಕ್ಷೆ ಅವತ್ತೇ ಆಗಲಿ. ಡಾಕ್ಟರಿಗೆ ತೊಂದರೆ ಕಾಣದಿದ್ದರೆ ಮಾತ್ರೆಯೂ ಅವತ್ತೇ ಸಿಗಲಿ. ಯಾಕೆ ಬಿಟ್ಟಿರಿ ಅನ್ನುವ ಪ್ರಶ್ನೆ ಬಾಗಿಲು ಮುಚ್ಚಿ, ಕೂರಿಸಿ, ಕೊನೆಗೆ ಕೇಳಲಿ. ಇದರ ಜೊತೆಗೆ ವಾರದಲ್ಲಿ ಒಂದು ದಿನವಾದರೂ ಸಂಜೆ, ಇಲ್ಲಾ ತಿಂಗಳಿಗೊಂದು ಭಾನುವಾರ ಸೆಂಟರ್ ತೆರೆದಿರಲಿ. ರಕ್ತ ಪರೀಕ್ಷೆ, ಶುಗರ್, ಬಿಪಿ, ಮಾತ್ರೆ ಎಲ್ಲಾ ಒಂದೇ ದಿನ ಮುಗಿಯಲಿ. ನಮ್ಮಲ್ಲಿ ಬಹಳ ಜನಕ್ಕೆ ವಯಸ್ಸಾಗುತ್ತಿದೆ, ಈಗ ಶುಗರ್ ಬಿಪಿ ಮಾತ್ರೆಗಳೂ ಸೇರಿಕೊಂಡಿವೆ.

ಮುಂದಿನ ಪರಿಶೀಲನಾ ಸಭೆಗೆ ನಮ್ಮಲ್ಲಿ ಇಬ್ಬರನ್ನಾದರೂ ಕರೆಯಿರಿ. ಅವರಲ್ಲಿ ಒಬ್ಬರು ಮಾತ್ರೆ ಬಿಟ್ಟು ವಾಪಸ್ ಬಂದವರಾಗಿರಲಿ. ನಾನು ಹೆಸರು, ವಿಳಾಸ ಕೊಟ್ಟಿಲ್ಲ, ಹಾಗಾಗಿ ಉತ್ತರವನ್ನು ನನಗೆ ಕಳಿಸೋಕೆ ಆಗುವುದಿಲ್ಲ ಅಂತ ಗೊತ್ತು. ತಾವು ಏನು ತೀರ್ಮಾನ ಮಾಡಿದಿರಿ ಅನ್ನುವುದನ್ನು ಜಿಲ್ಲೆಯ ಎಲ್ಲಾ ಎಆರ್‌ಟಿ ಸೆಂಟರ್‌ಗಳ ನೋಟಿಸ್ ಬೋರ್ಡಿನಲ್ಲಿ ಹಾಕಿಸಿದರೆ ಸಾಕು. ನಾನೂ ಓದುತ್ತೇನೆ, ಬರೋಕೆ ಹೆದರುತ್ತಿರುವವರಿಗೂ ಹೇಳುತ್ತೇನೆ.

ವಂದನೆಗಳೊಂದಿಗೆ,
ಮಂಡ್ಯ ಜಿಲ್ಲೆಯ ಒಬ್ಬ ಹೆಣ್ಣುಮಗಳು